ಫೋನ್ ಕರೆ ರೆಕಾರ್ಡ್ ಮಾಡಿಟ್ಟುಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮುಖ್ಯವಾದ ಕರೆಗಳನ್ನು ರೆಕಾರ್ಡ್ ಮಾಡಿಟ್ಟುಕೊಳ್ಳುತ್ತೇನೆ ಅಂತ ಗೊತ್ತಾದ ಮೇಲೆ ಪರಿಚಯದವರು ಒಂದಲ್ಲ ಒಂದು ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಒಬ್ಬರಿಗೆ ಬಟನ್ ಸಿಗುವುದಿಲ್ಲ, ಇನ್ನೊಬ್ಬರಿಗೆ ಜೈಲಿನ ಭಯ, ಮತ್ತೊಬ್ಬರ ಹತ್ತಿರ ಸಾವಿರಾರು ಫೈಲ್ ಇವೆ, ಬೇಕಾದ್ದು ಮಾತ್ರ ಸಿಗುತ್ತಿಲ್ಲ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಇದು ನಾವೇ ಮಾತಾಡುವ ಕರೆಗಳ ವಿಷಯ, ನಮ್ಮ ಲೆಕ್ಕಕ್ಕೆ, ನಮ್ಮ ನೆನಪಿಗೆ ಅಷ್ಟೇ.

## ಶುರು ಮಾಡುವವರಿಗೆ

ಅಷ್ಟಕ್ಕೂ ಯಾಕೆ ರೆಕಾರ್ಡ್ ಮಾಡಬೇಕು? ಮಾತಾಡಿದ್ದು ನೆನಪಿರಲ್ವಾ?

ಮಾತಿನ ಸಾರ ನೆನಪಿರುತ್ತದೆ. ವಿವರ ಇರುವುದಿಲ್ಲ. ‘ಹಣ ವಾಪಸ್ ಬರುತ್ತೆ ಅಂದ್ರು’ ಅನ್ನುವುದು ನೆನಪಿರುತ್ತದೆ, ಏಳು ದಿನ ಅಂದರೋ ಏಳು ಕೆಲಸದ ದಿನ ಅಂದರೋ ಅನ್ನುವುದು ಮರೆತಿರುತ್ತದೆ, ಜಗಳ ಶುರುವಾಗುವುದು ಅಲ್ಲಿಂದಲೇ. ದೂರಿನ ಸಂಖ್ಯೆ, ಡಾಕ್ಟರ್ ಹೇಳಿದ ಮಾತ್ರೆಯ ಪ್ರಮಾಣ, ಬಾಡಿಗೆಯ ಕರಾರು, ಕೆಲಸ ಒಪ್ಪಿಕೊಂಡವರು ಹೇಳಿದ ತಾರೀಖು, ಇಂಥದ್ದಕ್ಕೆ ರೆಕಾರ್ಡಿಂಗ್ ಬೇಕು. ಈ ಆಸೆ ಹೊಸದೇನಲ್ಲ. ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸೆನ್ 1898ರಲ್ಲಿ ಉಕ್ಕಿನ ತಂತಿಯ ಮೇಲೆ ಧ್ವನಿ ಹಿಡಿಯುವ ಯಂತ್ರ ಮಾಡಿದಾಗಲೇ ಅವನ ಮನಸ್ಸಿನಲ್ಲಿ ಇದ್ದದ್ದು ಫೋನಿನಲ್ಲಿ ಬಂದ ಮಾತನ್ನು ಉಳಿಸಿಕೊಳ್ಳುವ ಯೋಚನೆ.

ಎಲ್ಲಾ ಕರೆನೂ ತನ್ನಿಂತಾನೇ ರೆಕಾರ್ಡ್ ಆಗೋ ಹಾಗೆ ಇಟ್ಬಿಟ್ರೆ ನಿಶ್ಚಿಂತೆ ಅಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ಎರಡು ವರ್ಷದಲ್ಲಿ ನಾಲ್ಕು ಸಾವಿರ ಚಿಲ್ಲರೆ ಫೈಲ್ ಸೇರಿತು. ಆಮೇಲೆ ಒಂದು ವಿಮೆ ಕ್ಲೈಮ್‌ನಲ್ಲಿ ತಕರಾರು ಬಂತು. ‘ಮೂಲ ಬಿಲ್ ಬೇಡ, ಸ್ಕ್ಯಾನ್ ಮಾಡಿ ಕಳಿಸಿದ್ರೆ ಸಾಕು’ ಅಂತ ಫೋನಿನಲ್ಲಿ ಹೇಳಿದ್ದವರು ಆಮೇಲೆ ಹಾಗೆ ಹೇಳೇ ಇಲ್ಲ ಅಂದರು. ರೆಕಾರ್ಡಿಂಗ್ ಇದೆ ಅಂತ ಗತ್ತಿನಲ್ಲಿ ಹುಡುಕಲು ಕೂತೆ. ಅವರು ಪ್ರತಿ ಸಲ ಬೇರೆ ಬೇರೆ ನಂಬರಿನಿಂದ ಕರೆ ಮಾಡಿದ್ದರು, ಫೈಲಿನ ಹೆಸರಿನಲ್ಲಿ ಬರೀ ನಂಬರು. ‘ಗೇಟ್ ಹತ್ರ ಇದೀನಿ ಸಾರ್, ಪಾರ್ಸೆಲ್’ ಅನ್ನುವ ಇಪ್ಪತ್ತು ಸೆಕೆಂಡಿನ ಕರೆಗಳನ್ನೇ ಎಷ್ಟು ಕೇಳಿದೆನೋ ಲೆಕ್ಕವಿಲ್ಲ. ಬೇಕಾದ್ದು ಸಿಕ್ಕಿದ್ದು ಎರಡನೇ ದಿನ ಸಂಜೆ. ಅವತ್ತೇ ಆಟೋ ರೆಕಾರ್ಡಿಂಗ್ ಆಫ್ ಮಾಡಿದೆ. ಈಗ ತಿಂಗಳಿಗೆ ಐದಾರು ಕರೆ ಮಾತ್ರ ರೆಕಾರ್ಡ್ ಮಾಡುತ್ತೇನೆ, ಐದಾರಕ್ಕೂ ಟಿಪ್ಪಣಿ ಇರುತ್ತದೆ.

ಇನ್ನೊಂದು ಕಾರಣವೂ ಇದೆ. ಗೆಳೆಯರು, ಮನೆಯವರು ನಿಮ್ಮನ್ನು ನಂಬಿ ಮನಸ್ಸು ಬಿಚ್ಚಿ ಮಾತಾಡಿದ್ದೆಲ್ಲ ಸುಮ್ನೆ ಒಂದು ಫೋಲ್ಡರಿನಲ್ಲಿ ಕೊಳೆಯುತ್ತಾ ಬಿದ್ದಿರುತ್ತದೆ. ಫೋನ್ ಕಳೆದುಹೋದರೆ ಅದು ಯಾರ ಕೈಗೆ ಬೇಕಾದರೂ ಸಿಗಬಹುದು.

ನನ್ನ ಫೋನಲ್ಲಿ ರೆಕಾರ್ಡ್ ಬಟನ್ನೇ ಕಾಣಲ್ಲ, ಅದೇ ಕಂಪನಿ ಫೋನ್ ನಮ್ಮಣ್ಣನ ಹತ್ರ ಇದೆ, ಅವನಿಗೆ ಬರುತ್ತೆ. ಯಾಕೆ?

ಈ ಸೌಲಭ್ಯ ಫೋನಿನ ಮಾದರಿಯ ಮೇಲೆ ಮಾತ್ರ ನಿಂತಿಲ್ಲ. ಫೋನ್ ಯಾವ ದೇಶದ ಮಾರುಕಟ್ಟೆಗೆ ತಯಾರಾದದ್ದು, ಯಾವ ಡಯಲರ್ (ಕರೆ ಮಾಡುವ) ಆಪ್ ಇದೆ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಕಾನೂನು ಬಿಗಿಯಾಗಿರುವ ದೇಶಗಳಿಗೆ ಕಳಿಸುವ ಫೋನ್‌ಗಳಲ್ಲಿ ಕಂಪನಿಗಳು ಆ ಬಟನ್ನನ್ನೇ ತೆಗೆದಿರುತ್ತವೆ. ಅಣ್ಣನ ಫೋನ್ ಒಂದು ದೇಶದಲ್ಲಿ, ನಿಮ್ಮದು ಇನ್ನೊಂದು ದೇಶದಲ್ಲಿ ಕೊಂಡದ್ದಾದರೆ ಉತ್ತರ ಅಲ್ಲೇ ಇದೆ.

ಮೊದಲು ಚೆನ್ನಾಗಿ ಕೆಲಸ ಮಾಡ್ತಿದ್ದ ಆಪ್ ಈಗ ಬರೀ ಮೌನ ರೆಕಾರ್ಡ್ ಮಾಡುತ್ತೆ. ಆಪ್ ಕೆಟ್ಟಿದೆಯಾ?

ಆಪ್ ಕೆಟ್ಟಿಲ್ಲ, ಬಾಗಿಲು ಮುಚ್ಚಿದೆ. 2018ರಲ್ಲಿ ಬಂದ ಆಂಡ್ರಾಯ್ಡ್ 9ರಿಂದ ಹೊರಗಿನ ಆಪ್‌ಗಳಿಗೆ ಕರೆಯ ಧ್ವನಿ ಸಿಗುವುದನ್ನು ಗೂಗಲ್ ತಡೆಯುತ್ತಾ ಬಂತು. ಆಪ್ ತಯಾರಕರು ಸುಮ್ಮನಿರಲಿಲ್ಲ. ಕಣ್ಣು ಕಾಣದವರಿಗೆ, ಕೈ ಆಡದವರಿಗೆ ಅಂತ ಇರುವ ಆಕ್ಸೆಸಿಬಿಲಿಟಿ ಸೌಲಭ್ಯದ ಹಿತ್ತಲಿನಿಂದ ಒಳಗೆ ನುಗ್ಗಿದರು. 2022ರ ಮೇ 11ರಿಂದ ಪ್ಲೇ ಸ್ಟೋರ್ ನಿಯಮ ಅದನ್ನೂ ಮುಚ್ಚಿತು. ಈಗ ಫೋನಿನ ಜೊತೆಗೇ ಬರುವ ಡಯಲರ್‌ನಲ್ಲಿ ಸೌಲಭ್ಯ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ‘ಎರಡೂ ಕಡೆ ಸ್ಪಷ್ಟ ಧ್ವನಿ, ಗ್ಯಾರಂಟಿ’ ಅಂತ ಎಲ್ಲೆಲ್ಲಿಂದಲೋ ಇಳಿಸಿಕೊಳ್ಳಲು ಹೇಳುವ ಆಪ್‌ಗಳಿಗೆ ಕೈ ಹಾಕಬೇಡಿ. ಮೈಕ್, ಸಂಪರ್ಕಗಳು, ಕರೆಗಳ ಪಟ್ಟಿ, ಇಷ್ಟೂ ಅನುಮತಿ ಕೊಟ್ಟರೆ ಮನೆಯ ಬೀಗದ ಕೈಯನ್ನೇ ಕೊಟ್ಟ ಹಾಗೆ.

ಐಫೋನಲ್ಲಿ ಆಗಲ್ಲ ಅಲ್ವಾ?

ಬಹಳ ಕಾಲ ಆಗುತ್ತಿರಲಿಲ್ಲ. 2024ರ ಅಕ್ಟೋಬರಿನಲ್ಲಿ ಬಂದ ಐಓಎಸ್ 18.1ರಿಂದ ಆಗುತ್ತದೆ, ಎಲ್ಲಾ ದೇಶಗಳಲ್ಲಿ ಅಲ್ಲ. ರೆಕಾರ್ಡ್ ಒತ್ತಿದ ಕೂಡಲೇ ಎರಡೂ ಕಡೆಯವರಿಗೆ ಘೋಷಣೆ ಕೇಳಿಸುತ್ತದೆ. ಧ್ವನಿ ಹೋಗಿ ನೋಟ್ಸ್ ಆಪ್‌ನಲ್ಲಿ ಕೂರುತ್ತದೆ. ಫೋಟೋ ಗ್ಯಾಲರಿಯಲ್ಲಿ, ಫೈಲ್‌ಗಳಲ್ಲಿ ಹುಡುಕಿ ‘ಸೇವ್ ಆಗೇ ಇಲ್ಲ’ ಅಂತ ಗಾಬರಿಯಾದವರು ಸುಮಾರು ಜನ.

## ಒಪ್ಪಿಗೆ ಮತ್ತು ಕಾನೂನು

ಹೇಳದೆ ರೆಕಾರ್ಡ್ ಮಾಡಿದ್ರೆ ಅಪರಾಧನಾ?

ನೀವು ಎಲ್ಲಿದ್ದೀರಿ ಅನ್ನುವುದರ ಮೇಲೆ ಉತ್ತರ ತಲೆಕೆಳಗಾಗುತ್ತದೆ. ಜರ್ಮನಿಯಲ್ಲಿ ಹೌದು, ಅದು ಅಪರಾಧವೇ. ಅಲ್ಲಿನ ದಂಡಸಂಹಿತೆಯ 201ನೇ ಕಲಮಿನ ಪ್ರಕಾರ ಖಾಸಗಿ ಮಾತನ್ನು ಅನುಮತಿ ಇಲ್ಲದೆ ರೆಕಾರ್ಡ್ ಮಾಡಿದರೆ ಮೂರು ವರ್ಷದವರೆಗೆ ಜೈಲು ಅಥವಾ ದಂಡ. ಕೆನಡಾದಲ್ಲಿ ಮಾತಾಡುವವರಲ್ಲಿ ಒಬ್ಬರ ಒಪ್ಪಿಗೆ ಸಾಕು, ಆ ಒಬ್ಬರು ನೀವೇ ಆಗಬಹುದು. ಅಮೆರಿಕದ ಒಕ್ಕೂಟದ ಕಾನೂನೂ ಹಾಗೇ ಹೇಳುತ್ತದೆ, ಆದರೆ ಕ್ಯಾಲಿಫೋರ್ನಿಯಾ, ಫ್ಲಾರಿಡಾ, ವಾಷಿಂಗ್ಟನ್ ಥರದ ರಾಜ್ಯಗಳಲ್ಲಿ ಖಾಸಗಿ ಮಾತಿಗೆ ಎಲ್ಲರ ಒಪ್ಪಿಗೆ ಬೇಕು. ಬ್ರಿಟನ್ನಿನಲ್ಲಿ ನಿಮ್ಮ ಸ್ವಂತ ಬಳಕೆಗೆ ಮಾಡಿಟ್ಟುಕೊಳ್ಳಬಹುದು, ಇನ್ನೊಬ್ಬರಿಗೆ ದಾಟಿಸಲು ಹೊರಟಾಗ ತೊಂದರೆ ಶುರು. ಭಾರತದಲ್ಲಿ ತಾನೇ ಮಾತಾಡುವ ಕರೆಯನ್ನು ರೆಕಾರ್ಡ್ ಮಾಡಬಾರದು ಅನ್ನುವ ನೇರ ಕಾನೂನು ಇಲ್ಲ. ಆದರೆ ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಈ ವಿಷಯ ಬೇರೆ ಬೇರೆ ಕೋರ್ಟುಗಳಲ್ಲಿ ಬೇರೆ ಬೇರೆ ಥರ ಚರ್ಚೆಯಾಗಿದೆ.

ವ್ಯಾಜ್ಯ ಆಗಲೇ ತಲೆಯ ಮೇಲೆ ಕೂತಿದ್ದರೆ ವಕೀಲರನ್ನು ಕೇಳಿ. ನಾನು ವಕೀಲನಲ್ಲ.

ನಾನಿಲ್ಲಿ, ಅವರು ಇನ್ನೊಂದು ದೇಶದಲ್ಲಿ. ಯಾವ ಕಾನೂನು ನೋಡ್ಬೇಕು?

ಎರಡರಲ್ಲಿ ಯಾವುದು ಬಿಗಿಯೋ ಅದನ್ನು. 2006ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟಿಗೆ ಇಂಥದ್ದೇ ಪ್ರಕರಣ ಬಂದಿತ್ತು. ರೆಕಾರ್ಡ್ ಮಾಡಿದ್ದ ಕಂಪನಿಯ ಶಾಖೆ ಜಾರ್ಜಿಯಾದಲ್ಲಿ, ಅಲ್ಲಿ ಒಬ್ಬರ ಒಪ್ಪಿಗೆ ಸಾಕು. ಆ ಕಡೆ ಮಾತಾಡಿದ ಗ್ರಾಹಕರು ಕ್ಯಾಲಿಫೋರ್ನಿಯಾದವರು. ಕೋರ್ಟು ಅನ್ವಯಿಸಿದ್ದು ಕ್ಯಾಲಿಫೋರ್ನಿಯಾದ ಬಿಗಿ ನಿಯಮವನ್ನೇ.

ರೆಕಾರ್ಡ್ ಮಾಡ್ತೀನಿ ಅಂದ್ರೆ ಅವರು ಬಾಯೇ ಬಿಡಲ್ಲ. ಹೇಗೆ ಹೇಳೋದು?

ಪೊಲೀಸರು ಹೇಳಿಕೆ ತೆಗೆದುಕೊಳ್ಳುವ ದನಿಯಲ್ಲಿ ಹೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ನಾನು ಹೇಳುವುದು ಇಷ್ಟೇ: ‘ಒಂದ್ನಿಮಿಷ, ನನಗೆ ಮರೆವು ಜಾಸ್ತಿ, ನೀವು ಹೇಳೋದನ್ನ ರೆಕಾರ್ಡ್ ಮಾಡ್ಕೊಳ್ತೀನಿ, ಪರವಾಗಿಲ್ವಾ?’ ಹತ್ತರಲ್ಲಿ ಒಂಬತ್ತು ಜನ ‘ಅಯ್ಯೋ ಮಾಡ್ಕೊಳ್ಳಿ’ ಅನ್ನುತ್ತಾರೆ. ಹತ್ತನೆಯವರು ಬೇಡ ಅಂದರೆ ಪೆನ್ನು ಹಿಡಿದು ಬರೆದುಕೊಳ್ಳುತ್ತೇನೆ. ಒಪ್ಪಿಗೆ ಸಿಕ್ಕಿದ ಮೇಲೆ ರೆಕಾರ್ಡ್ ಒತ್ತಿ, ‘ರೆಕಾರ್ಡ್ ಮಾಡೋಕೆ ನೀವು ಒಪ್ಪಿದ್ರಿ ಅಲ್ವಾ’ ಅಂತ ಇನ್ನೊಮ್ಮೆ ಕೇಳಿಬಿಡಿ. ಆ ‘ಹ್ಞೂಂ’ ಕೂಡ ರೆಕಾರ್ಡಿಂಗ್‌ನ ಒಳಗೇ ಇರಬೇಕು.

ಹೇಳಿ ಮಾಡುವುದರಲ್ಲಿ ಒಂದು ಲಾಭವೂ ಇದೆ. ರೆಕಾರ್ಡ್ ಆಗುತ್ತಿದೆ ಅಂತ ಗೊತ್ತಾದ ಕೂಡಲೇ ‘ನೋಡೋಣ, ಒಂದೆರಡು ವಾರದಲ್ಲಿ ಆಗ್ಬಹುದು’ ಅನ್ನುತ್ತಿದ್ದವರು ನೆಟ್ಟಗೆ ತಾರೀಖು ಹೇಳುತ್ತಾರೆ. ಕದ್ದು ಮಾಡಿದ್ದರೆ ಸಿಗುತ್ತಿದ್ದದ್ದು ಒಂದು ಸ್ಪಷ್ಟವಾದ ‘ನೋಡೋಣ’ ಮಾತ್ರ.

ಅಂದಹಾಗೆ, 1947ರಲ್ಲಿ ಅಮೆರಿಕದ ಸಂಪರ್ಕ ನಿಯಂತ್ರಣ ಆಯೋಗ ಎಫ್‌ಸಿಸಿ, ಫೋನ್ ಕರೆ ರೆಕಾರ್ಡ್ ಮಾಡುವ ಯಂತ್ರ ಸುಮಾರು 15 ಸೆಕೆಂಡಿಗೊಮ್ಮೆ ಬೀಪ್ ಅನ್ನಬೇಕು ಅಂತ ನಿಯಮ ಮಾಡಿತ್ತು. ಆ ಸದ್ದಿನ ಮಧ್ಯೆ ಮಾತಾಡುವುದು ಎಂಥ ಹಿಂಸೆ ಇರಬೇಕು!

‘ಈ ಕರೆ ರೆಕಾರ್ಡ್ ಆಗುತ್ತಿದೆ’ ಅಂತ ಕಸ್ಟಮರ್ ಕೇರ್‌ನವರೇ ಹೇಳ್ತಾರೆ. ಹಾಗಾದ್ರೆ ನಾನೂ ಮಾಡ್ಬಹುದು ತಾನೇ?

ತಾರ್ಕಿಕವಾಗಿ ಸರಿ ಅನ್ನಿಸುತ್ತದೆ, ಆದರೆ ಎಲ್ಲರ ಒಪ್ಪಿಗೆ ಬೇಕಾದ ಜಾಗದಲ್ಲಿ ಅದನ್ನೇ ನಂಬಿಕೊಳ್ಳಬೇಡಿ. ಅವರು ರೆಕಾರ್ಡ್ ಮಾಡುತ್ತೇವೆ ಅಂದದ್ದಕ್ಕೆ ನೀವು ಒಪ್ಪಿದ ಹಾಗಾಯಿತು, ನೀವು ಮಾಡುವುದಕ್ಕೆ ಅವರು ಒಪ್ಪಿದ ಹಾಗಲ್ಲ. ‘ನಾನೂ ಮಾಡ್ಕೊಳ್ತಿದೀನಿ’ ಅನ್ನಲು ಎರಡು ಸೆಕೆಂಡು ಸಾಕು. ಅವರ ಹತ್ತಿರ ಇರುವ ರೆಕಾರ್ಡಿಂಗ್‌ನ ಪ್ರತಿ ಕೇಳುವ ದಾರಿಯೂ ಇದೆ. ಯುರೋಪಿಯನ್ ಒಕ್ಕೂಟದ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್‌ನ 15ನೇ ವಿಧಿ ನಿಮ್ಮ ಬಗ್ಗೆ ಇರುವ ಮಾಹಿತಿಯ ಪ್ರತಿ ಪಡೆಯುವ ಹಕ್ಕು ಕೊಡುತ್ತದೆ, ಅದರಲ್ಲಿ ನಿಮ್ಮ ಧ್ವನಿಯೂ ಸೇರುತ್ತದೆ.

ಮನೆಯವರ ಫೋನಿಗೆ ಅವರಿಗೆ ಗೊತ್ತಾಗದ ಹಾಗೆ ರೆಕಾರ್ಡರ್ ಹಾಕಿದ್ರೆ?

ಬೇಡ. ನೀವು ಇಲ್ಲದ ಮಾತನ್ನು ನೀವು ಹಿಡಿದರೆ ಅದು ಕದ್ದು ಕೇಳುವುದು. ಮೇಲೆ ಹೇಳಿದ ‘ಒಬ್ಬರ ಒಪ್ಪಿಗೆ ಸಾಕು’ ಅನ್ನುವ ದೇಶಗಳಲ್ಲೂ ಅದಕ್ಕೆ ರಿಯಾಯಿತಿ ಇಲ್ಲ, ಯಾಕೆಂದರೆ ಆ ಒಬ್ಬರು ಮಾತಾಡುವವರಲ್ಲಿ ಒಬ್ಬರಾಗಿರಬೇಕು.

## ಧ್ವನಿ, ಜಾಗ, ಜೋಡಣೆ

ನನ್ನ ಧ್ವನಿ ಮಾತ್ರ ಇದೆ, ಅವರದ್ದು ದೂರದ ಬಾವಿಯಿಂದ ಬಂದ ಹಾಗಿದೆ. ಏನ್ಮಾಡ್ಲಿ?

ನಿಮ್ಮ ಆಪ್ ಕರೆಯನ್ನು ಹಿಡಿಯುತ್ತಿಲ್ಲ, ಫೋನಿನ ಮೈಕನ್ನು ಹಿಡಿಯುತ್ತಿದೆ. ಅವರ ಮಾತು ನಿಮ್ಮ ಕಿವಿಯ ಹತ್ತಿರದ ಸ್ಪೀಕರಿನಿಂದ ಸೋರಿ ಬಂದಷ್ಟು ಮಾತ್ರ ಮೈಕಿಗೆ ಬೀಳುತ್ತದೆ. ಇಯರ್‌ಫೋನ್ ಅಥವಾ ಬ್ಲೂಟೂತ್ ಹಾಕಿದ್ದರೆ ಅಷ್ಟೂ ಬೀಳುವುದಿಲ್ಲ. ಸ್ಪೀಕರ್ ಹಾಕಿದರೂ ಒಮ್ಮೊಮ್ಮೆ ಸರಿಹೋಗುವುದಿಲ್ಲ, ಯಾಕೆಂದರೆ ಅವರ ಮಾತು ಅವರಿಗೇ ವಾಪಸ್ ಕೇಳಿಸದಿರಲಿ ಅಂತ ಫೋನು ತನ್ನ ಸ್ಪೀಕರಿನ ಸದ್ದನ್ನು ಮೈಕಿನಿಂದ ಅಳಿಸುತ್ತಿರುತ್ತದೆ. ಫೋನಿಗೆ ಅದು ಜಾಣತನ, ನಮಗೆ ತಲೆನೋವು.

ಆಗ ಇರುವ ಸುಲಭ ದಾರಿ ಇನ್ನೊಂದು ಯಂತ್ರ. ಕರೆಯನ್ನು ಸ್ಪೀಕರಿಗೆ ಹಾಕಿ, ಪಕ್ಕದಲ್ಲಿ ಇನ್ನೊಂದು ಫೋನೋ ವಾಯ್ಸ್ ರೆಕಾರ್ಡರೋ ಇಡಿ. ಫ್ಯಾನ್ ಆರಿಸಿ. ಬರಿಯ ಮೇಜಿನ ಮೇಲೆ ಗುಂಯ್ ಅನ್ನುತ್ತದೆ, ಕೆಳಗೆ ಒಂದು ಮಡಿಸಿದ ಬಟ್ಟೆ ಹಾಸಿ. ಮುಖ್ಯವಾದ ಕರೆಗೆ ಮೊದಲು ಗೆಳೆಯರೊಬ್ಬರಿಗೆ ಕರೆ ಮಾಡಿ ಒಂದು ನಿಮಿಷ ಪರೀಕ್ಷೆ ಮಾಡಿ, ಕೇಳಿಯೂ ನೋಡಿ. ನಲವತ್ತು ನಿಮಿಷದ ಒಂದು ಕರೆಯಲ್ಲಿ ನನ್ನ ‘ಹೂಂ’, ‘ಹೌದಾ’, ‘ಸರಿ ಸರಿ’ ಮಾತ್ರ ಉಳಿದದ್ದನ್ನು ಕೇಳಿದ ಮೇಲೆ ಈ ಬುದ್ಧಿ ಬಂತು.

ವಾಟ್ಸ್‌ಆಪ್ ಕರೆ ರೆಕಾರ್ಡ್ ಮಾಡೋಕಾಗುತ್ತಾ? ಅದು ಎನ್‌ಕ್ರಿಪ್ಟ್ ಆಗಿರುತ್ತಲ್ಲ?

ಎನ್‌ಕ್ರಿಪ್ಷನ್, ಅಂದರೆ ಮಾತನ್ನು ಬೇರೆಯವರಿಗೆ ಅರ್ಥವಾಗದ ಸಂಕೇತ ಮಾಡಿ ಕಳಿಸುವುದು, ಕಾಪಾಡುವುದು ದಾರಿಯನ್ನು, ತುದಿಯನ್ನಲ್ಲ. ನಿಮ್ಮ ಸ್ಪೀಕರಿನಿಂದ ಹೊರಗೆ ಬಂದ ಮೇಲೆ ಅದು ಮಾಮೂಲಿ ಧ್ವನಿ. ಫೋನಿನ ಡಯಲರ್‌ನ ರೆಕಾರ್ಡ್ ಬಟನ್ ಸಾಮಾನ್ಯವಾಗಿ ಇಂಥ ಕರೆಗಳಿಗೆ ಬರುವುದಿಲ್ಲ. ಎರಡನೇ ಫೋನ್ ಪಕ್ಕದಲ್ಲಿಡುವುದೇ ದಾರಿ.

ಎಷ್ಟು ಜಾಗ ತಿನ್ನುತ್ತೆ? ಹೆಚ್ಚಿನ ಗುಣಮಟ್ಟ ಇಟ್ರೆ ಸ್ಪಷ್ಟ ಆಗುತ್ತಾ?

ಸೆಕೆಂಡಿಗೆ 64 ಕಿಲೋಬಿಟ್ ಲೆಕ್ಕದಲ್ಲಿ ಒಂದು ಗಂಟೆಗೆ ಸುಮಾರು 29 ಎಂಬಿ. ಎಎಂಆರ್ ಅನ್ನುವ ಹಳೆಯ ಧ್ವನಿ ಫೈಲ್ ಮಾದರಿಯ 12.2 ಕಿಲೋಬಿಟ್‌ನಲ್ಲಿ ಗಂಟೆಗೆ ಐದೂವರೆ ಎಂಬಿ ಅಷ್ಟೇ. 64ಕ್ಕಿಂತ ಮೇಲೆ ಹೋಗಿ ಪ್ರಯೋಜನ ಕಮ್ಮಿ. ಸಾಮಾನ್ಯ ಫೋನ್ ಕರೆಯಲ್ಲಿ 300ರಿಂದ 3,400 ಹರ್ಟ್ಸ್ ನಡುವಿನ ಧ್ವನಿ ಮಾತ್ರ ಹಾದುಬರುತ್ತದೆ. ವೋಲ್ಟೇ (4ಜಿ ಜಾಲದ ಮೇಲಿನ) ಕರೆಯಲ್ಲಿ ಅದು ಸಾಮಾನ್ಯವಾಗಿ 7,000 ಹರ್ಟ್ಸ್‌ವರೆಗೆ ಹೋಗುತ್ತದೆ. ಬರದೇ ಇದ್ದದ್ದನ್ನು ದೊಡ್ಡ ಫೈಲು ಹಿಡಿಯಲಾರದು. ಫೋನಿನಲ್ಲಿ ‘ಸ’ ಮತ್ತು ‘ಫ’ ಕಲಸಿಹೋಗುವುದು ಇದಕ್ಕೇ, ಹಾಗಾಗಿ ಹೆಸರಿನ ಅಕ್ಷರಗಳನ್ನು ಬಿಡಿಸಿ ಹೇಳಿಸಿಕೊಳ್ಳಿ.

ಫೈಲಿಗೆ ಏನು ಹೆಸರಿಡ್ಲಿ? ಆಮೇಲೆ ಹುಡುಕೋದು ಹೇಗೆ?

ಜನ ಆಪ್ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತಾರೆ, ಇದರ ಬಗ್ಗೆ ಒಂದು ಕೇಳುತ್ತಾರೆ. ನನ್ನ ಲೆಕ್ಕದಲ್ಲಿ ಉಲ್ಟಾ ಆಗಬೇಕಿತ್ತು. ಟಿಪ್ಪಣಿ ಇಲ್ಲದ ರೆಕಾರ್ಡಿಂಗ್ ಇದ್ದೂ ಇಲ್ಲದ ಹಾಗೆ.

ತಾರೀಖು ಮೊದಲು ಬರಲಿ, ವರ್ಷ-ತಿಂಗಳು-ದಿನ ಈ ಕ್ರಮದಲ್ಲಿ. ಆಗ ಫೋಲ್ಡರ್ ತಾನಾಗಿಯೇ ಕಾಲಕ್ರಮದಲ್ಲಿ ಜೋಡಿಸಿಕೊಳ್ಳುತ್ತದೆ. ಆಮೇಲೆ ಯಾರು, ಏನು: ‘2025-03-14_ವಿಮೆ_ಬಿಲ್ ವಿಚಾರ’. ಕರೆ ಮುಗಿದ ಐದು ನಿಮಿಷದೊಳಗೆ ಹೆಸರು ಬದಲಿಸಬೇಕು. ರಾತ್ರಿ ಮಾಡುತ್ತೇನೆ ಅಂದದ್ದು ಯಾವತ್ತೂ ಆಗುವುದಿಲ್ಲ. ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ಮೂರು ಸಾಲು. ನನ್ನ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ:

‘14-3-25, ಬೆಳಿಗ್ಗೆ 11.20, 9 ನಿಮಿಷ. ಕ್ಲೈಮ್ ವಿಭಾಗ, ಹೆಂಗಸು, ಹೆಸರು ಹೇಳಲಿಲ್ಲ. 3.40ಕ್ಕೆ ಸ್ಕ್ಯಾನ್ ಸಾಕು ಅಂದ್ರು. 7.15ಕ್ಕೆ ಹತ್ತು ದಿನ ಅಂದ್ರು. 24ಕ್ಕೆ ನಾನೇ ಫೋನ್ ಮಾಡ್ಬೇಕು.’

ಆ 3.40, 7.15 ಇದೆಯಲ್ಲ, ರೆಕಾರ್ಡಿಂಗ್ ಒಳಗಿನ ನಿಮಿಷ, ಸೆಕೆಂಡು, ಚಿನ್ನ ಅದು. ಒಂಬತ್ತು ನಿಮಿಷ ಪೂರ್ತಿ ಕೇಳಬೇಕಾಗಿಲ್ಲ, ನೇರ ಅಲ್ಲಿಗೇ ಹೋಗಬಹುದು. ಕರೆ ಮುಗಿಸುವ ಮೊದಲು ‘ಸರಿ, ನೀವು ಹೇಳಿದ್ದನ್ನ ಒಂದ್ಸಲ ಹೇಳ್ತೀನಿ, ತಪ್ಪಿದ್ರೆ ತಿದ್ದಿ’ ಅಂತ ನಾನು ಎಲ್ಲವನ್ನೂ ಒಪ್ಪಿಸಿಬಿಡುತ್ತೇನೆ. ಆಮೇಲೆ ಬಹಳ ಸಲ ಕೊನೆಯ ಒಂದು ನಿಮಿಷ ಕೇಳಿದರೇ ಸಾಕಾಗುತ್ತದೆ.

ಎಷ್ಟು ದಿನ ಇಟ್ಕೋಬೇಕು?

ವಿಷಯ ಮುಗಿಯುವವರೆಗೆ. ಹಣ ಬಂತು, ರಿಪೇರಿ ಆಯಿತು, ಅಳಿಸಿ. ವಿಮೆ, ಬಾಡಿಗೆ, ಕೆಲಸದ ಕರಾರು ಇಂಥದ್ದಾದರೆ ಒಪ್ಪಂದ ಮುಗಿದು, ಅದರ ಮೇಲೆ ದಾವೆ ಹೂಡಲು ನಿಮ್ಮಲ್ಲಿ ಇರುವ ಕಾಲಮಿತಿ ಕಳೆಯುವವರೆಗೆ ಇಡಿ. ಅಪ್ಪ ಅಮ್ಮನ ಧ್ವನಿ ಅಂತ ಇಟ್ಟುಕೊಂಡದ್ದಕ್ಕೆ ಈ ಲೆಕ್ಕ ಇಲ್ಲ, ಅದನ್ನು ಬೇರೆ ಫೋಲ್ಡರಿಗೆ ಹಾಕಿ, ಕೈ ತಪ್ಪಿ ಅಳಿಸಿಹೋಗದ ಹಾಗೆ.

ಫೋನ್ ಬದಲಾಯಿಸಿದೆ, ರೆಕಾರ್ಡಿಂಗ್ ಎಲ್ಲಾ ಹೋಯ್ತು!

ಫೋಟೋ ಬ್ಯಾಕಪ್ ಆಗುತ್ತಿದೆ ಅಂದರೆ ಇದೂ ಆಗುತ್ತಿದೆ ಅಂತ ಅಲ್ಲ. ಹಳೆ ಫೋನ್ ಇನ್ನೂ ಕೈಯಲ್ಲಿದ್ದರೆ ರೀಸೆಟ್ ಮಾಡುವ ಮೊದಲು ರೆಕಾರ್ಡಿಂಗ್ ಫೋಲ್ಡರನ್ನು ಕಂಪ್ಯೂಟರಿಗೆ ನಕಲಿಸಿ. ಮುಂದೆ ತಿಂಗಳಿಗೊಮ್ಮೆ ಹಾಗೇ ಮಾಡಿ, ಪಾಸ್‌ವರ್ಡ್ ಇರುವ ಡಿಸ್ಕಿಗೆ.

## ಸ್ವಲ್ಪ ಆಳದ ಪ್ರಶ್ನೆಗಳು

ಕೋರ್ಟಲ್ಲಿ ಇದು ನಡೆಯುತ್ತಾ?

ರೆಕಾರ್ಡ್ ಮಾಡುವುದು ಸರಿಯೇ ಅನ್ನುವುದು ಒಂದು ಪ್ರಶ್ನೆ, ಅದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುತ್ತಾರೆಯೇ ಅನ್ನುವುದು ಇನ್ನೊಂದು. ಎರಡನ್ನೂ ಕಲಸಬೇಡಿ. ಭಾರತದ ಉದಾಹರಣೆ ನೋಡಿ. ಆರ್. ಎಂ. ಮಲ್ಕಾನಿ ಪ್ರಕರಣದಲ್ಲಿ, 1972ರಷ್ಟು ಹಿಂದೆಯೇ, ಟೇಪ್ ಮಾಡಿದ ಫೋನ್ ಮಾತನ್ನು ಸುಪ್ರೀಂ ಕೋರ್ಟ್ ಸಾಕ್ಷ್ಯವಾಗಿ ಒಪ್ಪಿತ್ತು. ಧ್ವನಿ ಯಾರದ್ದು ಅಂತ ಗುರುತಿಸಲಾಗಬೇಕು, ಮಾತು ವಿಷಯಕ್ಕೆ ಸಂಬಂಧಪಟ್ಟಿರಬೇಕು, ತಿದ್ದಿಲ್ಲ ಅಂತ ಖಾತ್ರಿ ಆಗಬೇಕು. 2025ರ ಜುಲೈನಲ್ಲಿ ಒಂದು ವಿಚ್ಛೇದನ ಪ್ರಕರಣದಲ್ಲಿ ಗಂಡ ಗುಟ್ಟಾಗಿ ಮಾಡಿದ್ದ ರೆಕಾರ್ಡಿಂಗನ್ನೂ ಅದೇ ಕೋರ್ಟ್ ಪರಿಗಣಿಸಬಹುದು ಅಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ಫೈಲಿನ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಬರೆಯಬೇಕು.

ಯಾವ ದೇಶವಾದರೂ ಒಂದು ಮಾತು ನೆನಪಿಡಿ: ಕತ್ತರಿಸಬೇಡಿ. ‘ಬೇಕಾದ ಭಾಗ ಮಾತ್ರ ಇಟ್ಕೊಂಡೆ, ಉಳಿದದ್ದು ಅಳಿಸಿದೆ’ ಅಂದರೆ ಎದುರು ವಕೀಲರಿಗೆ ಹಬ್ಬ. ಪೂರ್ತಿ ಫೈಲು, ಸಾಧ್ಯವಾದರೆ ರೆಕಾರ್ಡ್ ಆದ ಫೋನೂ ಹಾಗೇ ಇರಲಿ.

ಹ್ಯಾಶ್ ಅಂದ್ರೆ ಏನು? ನನ್ನಂಥವರಿಗೆ ಮಾಡೋಕೆ ಬರುತ್ತಾ?

ಫೈಲಿನ ಹೆಬ್ಬೆಟ್ಟಿನ ಗುರುತು ಅನ್ನಿ. ಎಸ್‌ಎಚ್‌ಎ-256 ಅನ್ನುವ ವಿಧಾನದಲ್ಲಿ ಲೆಕ್ಕ ಹಾಕಿದರೆ ಫೈಲ್ ಎಷ್ಟೇ ದೊಡ್ಡದಿರಲಿ, 64 ಚಿಹ್ನೆಗಳ ಒಂದು ಸಾಲು ಬರುತ್ತದೆ. ಒಳಗೆ ಒಂದೇ ಒಂದು ಬಿಟ್ ಬದಲಾದರೂ ಸಾಲು ಪೂರ್ತಿ ಬೇರೆ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್, ಲಿನಕ್ಸ್‌ನಲ್ಲಿ ಎಸ್‌ಎಚ್‌ಎ256ಸಮ್ ಅನ್ನುವ ಕಮಾಂಡ್‌ಗಳು ಇದಕ್ಕೆ ಮೊದಲೇ ಇರುತ್ತವೆ. ಬಂದ ಸಾಲನ್ನು ನಿಮಗೇ ಇಮೇಲ್ ಮಾಡಿಕೊಳ್ಳಿ, ತಾರೀಖೂ ಸಿಕ್ಕಿತು. ಫೈಲಿನ ಹೆಸರು ಬದಲಿಸಿದರೆ ಹ್ಯಾಶ್ ಬದಲಾಗುವುದಿಲ್ಲ, ಆ ಭಯ ಬೇಡ. ಎಂ4ಎ ಮಾದರಿಯ ಧ್ವನಿ ಫೈಲನ್ನು ಎಂಪಿ3 ಮಾದರಿಗೆ ಬದಲಿಸಿದರೆ ಖಂಡಿತ ಬದಲಾಗುತ್ತದೆ. ಇಷ್ಟೆಲ್ಲ ಪಾರ್ಸೆಲ್ ಕರೆಗೆ ಬೇಡ, ದೊಡ್ಡ ಮೊತ್ತದ ವಿಷಯಕ್ಕೆ ಮಾತ್ರ.

ಮಾತನ್ನ ಬರಹ ಮಾಡೋ ಆಪ್ ಇದೆಯಲ್ಲ, ಅದರ ಬರಹ ಇಟ್ಕೊಂಡು ಆಡಿಯೋ ಅಳಿಸಿದ್ರೆ?

ಹುಡುಕಲು ಬರಹ ಬಹಳ ಒಳ್ಳೆಯದು. ಆಧಾರವಾಗಿ ಇಟ್ಟುಕೊಳ್ಳಲು ಅಲ್ಲ. ಯಂತ್ರ ತಪ್ಪುವುದು ನಮಗೆ ಮುಖ್ಯವಾದಲ್ಲೇ: ಹೆಸರು, ಸಂಖ್ಯೆ, ‘ಆಗುತ್ತೆ’ ಮತ್ತು ‘ಆಗಲ್ಲ’. ಕನ್ನಡದ ನಡುವೆ ಇಂಗ್ಲಿಷ್ ಬೆರೆಸಿ ಮಾತಾಡುವ ನಮ್ಮಂಥವರ ಮಾತಿನಲ್ಲಂತೂ ಒಮ್ಮೊಮ್ಮೆ ನಗು ಬರುವಂಥದ್ದು ಬರೆದಿರುತ್ತದೆ. ಕೆಲವು ಆಪ್ ಧ್ವನಿಯನ್ನು ತಮ್ಮ ಸರ್ವರಿಗೆ ಕಳಿಸಿ ಬರಹ ಮಾಡುತ್ತವೆ. ಎದುರಿನವರು ಒಪ್ಪಿದ್ದು ನೀವು ಇಟ್ಟುಕೊಳ್ಳಲು, ಇನ್ನೊಂದು ಕಂಪನಿಗೆ ಕೊಡಲು ಅಲ್ಲ ಅನ್ನುವುದು ನೆನಪಿರಲಿ.

ಅವರು ಹೇಗೆ ಮಾತಾಡಿದ್ರು ಅಂತ ಎಲ್ಲರಿಗೂ ಕೇಳಿಸ್ಬೇಕು. ಗ್ರೂಪಿಗೆ ಹಾಕ್ಲಾ?

ಸಿಟ್ಟಿನಲ್ಲಿ ಕೇಳುವ ಪ್ರಶ್ನೆ ಇದು, ಸಿಟ್ಟು ಇಳಿಯುವವರೆಗೆ ನನ್ನ ಉತ್ತರ ‘ಬೇಡ’ ಅನ್ನುವುದೇ. ಹಾಕಿದ ಮೇಲೆ ಅದು ನಿಮ್ಮ ದಾಖಲೆ ಅಲ್ಲ, ಪ್ರಕಟಣೆ. ಖಾಸಗಿತನ, ಮಾನಹಾನಿ ಎರಡೂ ಮೈಮೇಲೆ ಬರಬಹುದು. ದೂರು ಕೊಡುವುದಿದ್ದರೆ ದೂರು ತೆಗೆದುಕೊಳ್ಳುವ ಅಧಿಕಾರ ಇರುವವರಿಗೆ ಕೊಡಿ. ಗ್ರೂಪಿನ ಇನ್ನೂರು ಜನರಲ್ಲಿ ಯಾರಿಗೂ ನಿಮ್ಮ ಹಣ ವಾಪಸ್ ಕೊಡಿಸುವ ಅಧಿಕಾರ ಇರುವುದಿಲ್ಲ.

ಮುಖ್ಯವಾದ ಕರೆ ಬಂದ್ಬಿಡ್ತು, ರೆಕಾರ್ಡ್ ಮಾಡೋಕೆ ಆಗ್ಲೇ ಇಲ್ಲ. ಈಗೇನು ದಾರಿ?

ಕೂಡಲೇ ಅವರಿಗೊಂದು ಮೆಸೇಜೋ ಇಮೇಲೋ ಕಳಿಸಿ. ‘ಈಗ 4.10ಕ್ಕೆ ಮಾತಾಡಿದ ಹಾಗೆ, 20ನೇ ತಾರೀಖಿನೊಳಗೆ ಪೂರ್ತಿ ಮೊತ್ತ ವಾಪಸ್ ಮಾಡುತ್ತೇವೆ ಎಂದಿರಿ. ನಾನು ತಪ್ಪು ತಿಳಿದಿದ್ದರೆ ತಿಳಿಸಿ.’ ಇಷ್ಟೇ ಸಾಕು, ಜಾಸ್ತಿ ಬರೆಯಬೇಡಿ. ಎಷ್ಟೋ ಸಲ ಇದು ರೆಕಾರ್ಡಿಂಗಿಗಿಂತ ಗಟ್ಟಿ, ಯಾರ ಒಪ್ಪಿಗೆಯೂ ಬೇಕಾಗಿಲ್ಲ. ಅವರು ‘ಸರಿ’ ಅಂದರೆ ಮುಗಿಯಿತು. ಉತ್ತರ ಕೊಡದೆ ಸುಮ್ಮನಾದರೂ ನೀವು ಕಳಿಸಿದ ತಾರೀಖು, ಹೊತ್ತು ಅಲ್ಲೇ ಇರುತ್ತದೆ, 21ಕ್ಕೆ ಮತ್ತೆ ಫೋನ್ ಮಾಡುವಾಗ ಅದನ್ನು ಓದಿ ಹೇಳಬಹುದು.